ಉಷ್ಣವಲಯದ ಮೋಡ ಮತ್ತು ಭೂತಾಪ: ತಂಪು ಮಾಡುವ ಮೋಡ ಬಿಸಿ ಏರಿಸುವುದು ಹೇಗೆ?

ಬಾನಾಡಿ:
ಮೋಡಗಳು ಒಟ್ಟಾರೆ ಭೂಮಿಯನ್ನು ತಂಪಾಗಿಡುತ್ತವೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದೇ ಪುಟದ ಕೆಳಗೆ, ಮೋಡಗಳಿಂದಾಗಿ ಭೂತಾಪ ಇನ್ನಷ್ಟು ಏರುತ್ತದೆ ಎಂದೂ ಇರುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಜ? ಕಡಲು ಕಾದರೆ ಆವಿ ಹೆಚ್ಚು, ಆವಿ ಹೆಚ್ಚಿದರೆ ಮೋಡ ಹೆಚ್ಚು, ಮೋಡ ಹೆಚ್ಚಿದರೆ ನೆರಳು ಹೆಚ್ಚು. ಹಾಗಾದರೆ ಬಿಸಿ ತಾನಾಗಿ ಇಳಿಯಬೇಕಲ್ಲ? 30 ಡಿಗ್ರಿ ಉತ್ತರದಿಂದ 30 ಡಿಗ್ರಿ ದಕ್ಷಿಣದವರೆಗಿನ ಪಟ್ಟಿಯ ಬಗ್ಗೆ ಯಾರಾದರೂ ಲೆಕ್ಕ ಸಮೇತ ಬಿಡಿಸಿ ಹೇಳುತ್ತೀರಾ? "ಈ ವಿಷಯದಲ್ಲಿ ಅನಿಶ್ಚಿತತೆ ಇದೆ" ಎಂಬ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ.

ಲೆಕ್ಕಿಗ:
ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಕಲಸಿಕೊಂಡಿವೆ.

ಒಂದು, ಈಗಿರುವ ಮೋಡಗಳನ್ನೆಲ್ಲ ತೆಗೆದುಬಿಟ್ಟರೆ ಏನಾಗುತ್ತದೆ ಎಂಬ ಲೆಕ್ಕ. ಉಪಗ್ರಹಗಳ ಅಳತೆಯಂತೆ, ಜಾಗತಿಕ ಸರಾಸರಿಯಲ್ಲಿ ಮೋಡಗಳು ಚದರ ಮೀಟರಿಗೆ ಸುಮಾರು 45 ವ್ಯಾಟ್ ಬಿಸಿಲನ್ನು ಬಾಹ್ಯಾಕಾಶಕ್ಕೆ ತಿರುಗಿಸಿ ಕಳಿಸುತ್ತವೆ. ಹೊರಗೆ ಹೋಗಬೇಕಿದ್ದ ಶಾಖದಲ್ಲಿ ಸುಮಾರು 26 ವ್ಯಾಟ್ ಹಿಡಿದಿಡುತ್ತವೆ. ಕಳೆದರೆ ಹತ್ತಿರ ಹತ್ತಿರ 19 ವ್ಯಾಟ್ ತಂಪು. ಇದನ್ನು ಮೋಡಗಳ ವಿಕಿರಣ ಪರಿಣಾಮ ಅನ್ನುತ್ತಾರೆ.

ಇನ್ನೊಂದು, ನೆಲದ ಉಷ್ಣತೆ 1 ಡಿಗ್ರಿ ಏರಿದಾಗ ಆ 19 ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ. ಅದು 18.6 ಆಯಿತು ಅನ್ನಿ. ಮೋಡಗಳು ಈಗಲೂ ತಂಪೇ ಮಾಡುತ್ತಿವೆ, ಆದರೆ ಮೊದಲಿಗಿಂತ 0.4 ವ್ಯಾಟ್ ಕಡಿಮೆ. ಬಿಸಿ ಏರುತ್ತಿರುವ ಭೂಮಿಯ ಪಾಲಿಗೆ ಆ 0.4 ಹೊಸ ಹೊರೆ. ಫೀಡ್‌ಬ್ಯಾಕ್ ಎಂದರೆ ಈ ಎರಡನೇ ಲೆಕ್ಕ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ ಆರನೇ ವರದಿ (2021) ಇಡೀ ಜಗತ್ತಿನ ಮೋಡಗಳಿಗೆ ಕೊಟ್ಟ ಅಂದಾಜು, ಡಿಗ್ರಿಗೆ +0.42 ವ್ಯಾಟ್, ವ್ಯಾಪ್ತಿ −0.10ರಿಂದ +0.94. ಅಂದರೆ ಚಿಹ್ನೆ ಬಹುತೇಕ ಧನ, ಗಾತ್ರ ಇನ್ನೂ ಅಗಲ.

ಇದು ಚಿಕ್ಕ ಸಂಖ್ಯೆ ಅನ್ನಿಸಿದರೆ ಹೀಗೆ ನೋಡಿ. ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ಬರುವ ಹೆಚ್ಚುವರಿ ಶಾಖ ಸುಮಾರು 3.9 ವ್ಯಾಟ್. ಅದೇ ವರದಿಯಲ್ಲಿ ಎಲ್ಲ ಫೀಡ್‌ಬ್ಯಾಕ್‌ಗಳ ಮೊತ್ತ ಡಿಗ್ರಿಗೆ −1.16 (ಋಣ ಏಕೆಂದರೆ ಬಿಸಿಯಾದಷ್ಟೂ ಭೂಮಿ ಹೆಚ್ಚು ಶಾಖ ಹೊರಬಿಡುತ್ತದೆ). 3.9 ಅನ್ನು 1.16ರಿಂದ ಭಾಗಿಸಿದರೆ 3.4 ಡಿಗ್ರಿ. ಮೋಡದ 0.42 ಇಲ್ಲದಿದ್ದರೆ ಭಾಜಕ 1.58 ಆಗಿ ಉತ್ತರ 2.5ಕ್ಕೆ ಇಳಿಯುತ್ತದೆ. (ಹಳೆಯ ಹವಾಮಾನದ ಪುರಾವೆ ಮೊದಲಾದವನ್ನೂ ಸೇರಿಸಿ ವರದಿ ಕೊನೆಗೆ ನಿಂತದ್ದು 3 ಡಿಗ್ರಿಗೆ.)

ಇನ್ನು "ಆವಿ ಹೆಚ್ಚಿದರೆ ಮೋಡ ಹೆಚ್ಚು" ಎಂಬುದು ನಿಲ್ಲುವ ಮಾತಲ್ಲ. 1 ಡಿಗ್ರಿಗೆ ಗಾಳಿಯಲ್ಲಿ ಆವಿ ಸುಮಾರು 7% ಏರುತ್ತದೆ, ಗಾಳಿ ಹಿಡಿದಿಡಬಲ್ಲ ಆವಿಯೂ ಅಷ್ಟೇ ಏರುತ್ತದೆ. ಮೋಡ ಕಟ್ಟುವುದು ಇವೆರಡರ ಅನುಪಾತದ ಮೇಲೆ, ಅಂದರೆ ಸಾಪೇಕ್ಷ ಆರ್ದ್ರತೆಯ ಮೇಲೆ. ಅದು ಹೆಚ್ಚೇನೂ ಅಲುಗುವುದಿಲ್ಲ.

ತೆಂಕಣಗಾಳಿ:
ಮೇಲಿನದಕ್ಕೆ ಒಂದು ಸೇರ್ಪಡೆ. ಉಷ್ಣವಲಯದಲ್ಲಿ "ಮೋಡ" ಎಂದು ಒಂದೇ ಪದ ಬಳಸಿದರೆ ಏನೂ ತಿಳಿಯುವುದಿಲ್ಲ. ಮೂರು ಮೋಡಗಳ ಒರಟು ಲೆಕ್ಕ ಕೊಡುತ್ತೇನೆ. ಹಗಲು ರಾತ್ರಿ ಸೇರಿ ಸರಾಸರಿ ಬಿಸಿಲು 400 ವ್ಯಾಟ್ ಎಂದುಕೊಳ್ಳಿ. ಮೋಡವಿಲ್ಲದ ಕಡಲಿನ ಪ್ರತಿಫಲನ 0.1, ಮೋಡವಿಲ್ಲದ ಆಕಾಶದಿಂದ ಹೊರಹೋಗುವ ಶಾಖ 290 ವ್ಯಾಟ್.

ಗುಡುಗು ಮೋಡದ ನೆತ್ತಿಯ ದಪ್ಪ ಹಾಳೆ: ತುದಿಯ ಉಷ್ಣತೆ 220 ಕೆಲ್ವಿನ್, ಅಂದರೆ −53 ಡಿಗ್ರಿ. ಸ್ಟೆಫಾನ್–ಬೋಲ್ಟ್ಸ್‌ಮನ್ ಸೂತ್ರದಂತೆ ಅದು ಹೊರಸೂಸುವುದು 133 ವ್ಯಾಟ್ ಮಾತ್ರ. ತಡೆದದ್ದು 290 − 133 = 157. ಪ್ರತಿಫಲನ 0.6 ಇದ್ದರೆ ತಿರುಗಿಸಿದ ಬಿಸಿಲು 200. ನಿವ್ವಳ −43.

ಅದೇ ಎತ್ತರದ ತೆಳು ಸಿರಸ್ (ಹಿಮಕಣಗಳ ಮೋಡ): ಶಾಖದಲ್ಲಿ 40% ತಡೆಯುತ್ತದೆ ಎಂದರೆ 63, ಬಿಸಿಲನ್ನು ತಿರುಗಿಸುವುದು 25–30. ನಿವ್ವಳ +35ರ ಆಸುಪಾಸು. ಬಿಸಿ ಮಾಡುವ ಮೋಡ.

ಕಡಲ ಮೇಲೆ 1 ಕಿ.ಮೀ. ಎತ್ತರದಲ್ಲಿ ಚಾಚಿದ ಸ್ಟ್ರಾಟೋಕ್ಯುಮುಲಸ್: ಅದರ ನೆತ್ತಿ ಕಡಲಿಗಿಂತ ಕೆಲವೇ ಡಿಗ್ರಿ ತಂಪು, ಹಾಗಾಗಿ ಶಾಖ ತಡೆಯುವುದು 10–20 ವ್ಯಾಟ್ ಇದ್ದರೆ ಹೆಚ್ಚು. ಪ್ರತಿಫಲನ 0.45 ಎಂದರೆ ತಿರುಗಿಸುವುದು 140. ನಿವ್ವಳ −120ಕ್ಕೂ ಮೀರಿ.

ಈ ಮೂರರಲ್ಲಿ ಯಾವುದು ಎಷ್ಟು ಕುಗ್ಗಿತು, ಹಿಗ್ಗಿತು, ತೆಳುವಾಯಿತು, ಮೇಲೇರಿತು ಎನ್ನುವುದನ್ನು ಬಿಡಿಬಿಡಿಯಾಗಿ ನೋಡಲೇಬೇಕು. ಗಂಟೆಯೂ ಮುಖ್ಯ. ನಮ್ಮ ಒಳನಾಡಿನಲ್ಲಿ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಟ್ಟಿ, ನೆತ್ತಿಯ ಹಾಳೆ ರಾತ್ರಿಯವರೆಗೆ ಉಳಿಯುತ್ತದೆ. ಕತ್ತಲಾದ ಮೇಲೆ ತಿರುಗಿಸಲು ಬಿಸಿಲೇ ಇಲ್ಲ, ತಡೆಯುವ ಕೆಲಸವೊಂದೇ.

ಸಂಶಯಿ:
ಎತ್ತರದ ಮೋಡಗಳಲ್ಲಿ ದಪ್ಪದ್ದು ತಂಪು, ತೆಳುವಾದದ್ದು ಬಿಸಿ, ಎರಡೂ ಸೇರಿ ವಜಾ ಆಗುತ್ತವೆ. ರಾಮನಾಥನ್ ಮತ್ತು ಸಂಗಡಿಗರು 1989ರಲ್ಲೇ ಇಆರ್‌ಬಿಇ ಉಪಗ್ರಹ ಮಾಹಿತಿಯಿಂದ ತೋರಿಸಿದ್ದು ಇದನ್ನೇ ಅಲ್ಲವೇ? ಹಾಗಾದರೆ ಅವುಗಳಿಂದ ಭೂತಾಪಕ್ಕೆ ಏನು ವ್ಯತ್ಯಾಸ? ಜೊತೆಗೆ ಹವಾಮಾನ ವಿಜ್ಞಾನಿ ಲಿಂಡ್ಜೆನ್ 2001ರಲ್ಲಿ ಹೇಳಿದ "ಐರಿಸ್" ಇದೆ: ಕಡಲು ಬಿಸಿಯಾದಷ್ಟೂ ಮಳೆಯ ದಕ್ಷತೆ ಹೆಚ್ಚಿ, ಸಿರಸ್ ಹಾಳೆ ಕುಗ್ಗಿ, ಶಾಖ ಹೊರಹೋಗುವ ಕಿಂಡಿ ತೆರೆದುಕೊಳ್ಳುತ್ತದೆ ಎಂದು. ಅದನ್ನು ಯಾರೂ ಪ್ರಸ್ತಾಪಿಸುವುದೇ ಇಲ್ಲ.

ಕಪ್ಪುಮುಗಿಲು:
ಪ್ರಸ್ತಾಪ ಆಗುತ್ತದೆ, ಹೆಸರು ಬದಲಾಗಿದೆ ಅಷ್ಟೆ. ಆದರೆ ಮೊದಲು ಎತ್ತರದ ವಿಷಯ ಮುಗಿಸೋಣ, ಅದು ಹೆಚ್ಚು ಗಟ್ಟಿಯಾದ ನೆಲ.

ಗುಡುಗು ಮೋಡದ ಹಾಳೆ (ಆನ್ವಿಲ್ ಎನ್ನುತ್ತಾರೆ) ಯಾವ ಎತ್ತರದಲ್ಲಿ ಹರಡಬೇಕು ಎಂದು ತೀರ್ಮಾನಿಸುವುದು ಆ ಮೋಡವಲ್ಲ, ಅದರ ಸುತ್ತಲಿನ ತಿಳಿ ಆಕಾಶ. ತಿಳಿ ಗಾಳಿ ನೀರಾವಿಯ ಮೂಲಕ ಶಾಖ ಸೂಸಿ ತಣ್ಣಗಾಗುತ್ತದೆ, ತಣ್ಣಗಾದದ್ದು ಇಳಿಯುತ್ತದೆ. ಮೇಲೆ ಹೋದಂತೆ ಆವಿ ಮುಗಿಯುತ್ತಾ ಬರುತ್ತದೆ. 220 ಕೆಲ್ವಿನ್ ಆಸುಪಾಸಿನಲ್ಲಿ ಸೂಸುವುದಕ್ಕೆ ಸಾಕಷ್ಟು ಆವಿಯೇ ಉಳಿಯುವುದಿಲ್ಲ. ಅಲ್ಲಿಗೆ ಇಳಿಯುವ ಗಾಳಿಯೂ ತಟ್ಟನೆ ಕಡಿಮೆ. ಕೆಳಗಿನ ಪದರದಲ್ಲಿ ಗಾಳಿ ಜೋರಾಗಿ ಇಳಿಯುತ್ತಿದೆ, ಮೇಲಿನದರಲ್ಲಿ ಇಳಿಯುತ್ತಿಲ್ಲ ಎಂದರೆ ನಡುವಿನ ಜಾಗ ತುಂಬಲು ಪಕ್ಕದಿಂದ ಗಾಳಿ ಬರಬೇಕು. ಬರುವುದು ಗುಡುಗು ಮೋಡದ ಒಳಗಿನಿಂದ, ಹಿಮಕಣಗಳನ್ನು ಹೊತ್ತುಕೊಂಡು. ಅದೇ ಹಾಳೆ.

ಗಮನಿಸಬೇಕಾದ್ದು ಇಲ್ಲಿದೆ: ಆವಿ ಎಷ್ಟಿರಬಹುದು ಎಂಬುದನ್ನು ನಿರ್ಧರಿಸುವುದು ಉಷ್ಣತೆ. ಹಾಗಾಗಿ ನೆಲ 2 ಡಿಗ್ರಿ ಬಿಸಿಯಾದರೂ 3 ಡಿಗ್ರಿ ಬಿಸಿಯಾದರೂ ಆವಿ ಮುಗಿಯುವ ಜಾಗದ ಉಷ್ಣತೆ ಹೆಚ್ಚುಕಡಿಮೆ ಅದೇ. ಎತ್ತರ ಮಾತ್ರ ಮೇಲಕ್ಕೆ ಹೋಗುತ್ತದೆ. ಹಾರ್ಟ್‌ಮನ್ ಮತ್ತು ಲಾರ್ಸನ್ 2002ರಲ್ಲಿ ಇಟ್ಟ ವಾದ ಇದು. ನಂತರ ಝೆಲಿಂಕಾ ಮತ್ತು ಹಾರ್ಟ್‌ಮನ್ 2010ರಲ್ಲಿ ಸ್ವಲ್ಪ ತಿದ್ದಿದರು: ತುದಿ ಕೊಂಚ ಬಿಸಿಯಾಗುತ್ತದೆ, ಆದರೆ ನೆಲಕ್ಕಿಂತ ತೀರಾ ಕಡಿಮೆ.

ಪರಿಣಾಮ ಎಷ್ಟು? ಉಷ್ಣವಲಯದಲ್ಲಿ ನೆಲ 1 ಡಿಗ್ರಿ ಬಿಸಿಯಾದರೆ ಮೇಲಿನ ವಾಯುಮಂಡಲ ಸುಮಾರು 2 ಡಿಗ್ರಿ ಬಿಸಿಯಾಗುತ್ತದೆ. ಮೋಡ ಇದ್ದ ಎತ್ತರದಲ್ಲೇ ಕುಳಿತಿದ್ದರೆ ಅದರ ನೆತ್ತಿ 222 ಕೆಲ್ವಿನ್ ಆಗಿ, ಚದರ ಮೀಟರಿಗೆ ಸುಮಾರು 4.8 ವ್ಯಾಟ್ ಹೆಚ್ಚು ಶಾಖ ಹೊರಬಿಡುತ್ತಿತ್ತು. ಮೋಡ ಮೇಲೇರಿದ್ದರಿಂದ ಆ ಹೆಚ್ಚುವರಿ ಸಿಗಲಿಲ್ಲ. ಕೆಳಗೆ ಎಲ್ಲವೂ ಬಿಸಿಯಾಗುತ್ತಿದೆ, ನೆತ್ತಿ ಮಾತ್ರ ಹಳೆಯ ಲೆಕ್ಕದಲ್ಲೇ ಶಾಖ ಬಿಡುತ್ತಿದೆ. ಮೋಡದ ಹರವನ್ನೆಲ್ಲ ಸರಾಸರಿ ಮಾಡಿದರೆ ಐಪಿಸಿಸಿ ಅಂದಾಜು ಡಿಗ್ರಿಗೆ +0.20. ಸಂಶಯಿಯವರೇ, ನೀವು ಹೇಳಿದ "ವಜಾ" ಇಂದಿನ ಸ್ಥಿತಿಯದು. ಎತ್ತರ ಬದಲಾದಾಗ ಬಿಸಿಲಿನ ಕಡೆ ಏನೂ ಬದಲಾಗುವುದಿಲ್ಲ, ಶಾಖದ ಕಡೆ ಮಾತ್ರ ಬದಲಾಗುತ್ತದೆ. ವಜಾ ಮಾಡಲು ಎದುರು ಯಾರೂ ಇಲ್ಲ.

ಈಗ ಹರವು. ಲಿಂಡ್ಜೆನ್, ಚೌ, ಹೌ ಅವರ ಲೆಕ್ಕ 1 ಡಿಗ್ರಿಗೆ ಸುಮಾರು 22% ಕುಗ್ಗುತ್ತದೆ ಎಂದಿತ್ತು. ಅಷ್ಟು ದೊಡ್ಡದು ಮುಂದಿನ ಅಳತೆಗಳಲ್ಲಿ ನಿಲ್ಲಲಿಲ್ಲ. ಆದರೆ ಕುಗ್ಗುವುದಕ್ಕೆ ಮಳೆಯ ದಕ್ಷತೆಯನ್ನು ಅವಲಂಬಿಸದ ಬೇರೊಂದು ಕಾರಣವನ್ನು ಬೋನಿ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟರು: ಬಿಸಿಯಾದ ಜಗತ್ತಿನಲ್ಲಿ ಹಾಳೆ ಇರುವ ಎತ್ತರದ ಗಾಳಿ ಹೆಚ್ಚು ಸ್ಥಿರ, ಆದ್ದರಿಂದ ಇಳಿಯುವ ವೇಗ ಕಡಿಮೆ, ಆದ್ದರಿಂದ ಮೋಡದಿಂದ ಹೊರಬರುವ ಗಾಳಿಯೂ ಕಡಿಮೆ, ಹಾಳೆ ಚಿಕ್ಕದು. ಇದಕ್ಕೆ "ಸ್ಥಿರತೆಯ ಐರಿಸ್" ಎಂದು ಹೆಸರು. ಹಾಗಾಗಿ ಕಲ್ಪನೆ ಸತ್ತಿಲ್ಲ.

ಪ್ರಶ್ನೆ ಏನೆಂದರೆ, ಹಾಳೆ ಕುಗ್ಗಿದರೆ ನಿವ್ವಳ ಎಷ್ಟು? ಇಲ್ಲಿ ನಿಮ್ಮ "ವಜಾ" ಸರಿಯಾಗಿ ಕೂರುತ್ತದೆ. ಹಾಳೆಯ ಬಿಸಿ ಮತ್ತು ತಂಪು ಬಹುತೇಕ ಸಮ ಇರುವಾಗ, ಅದು ಸ್ವಲ್ಪ ಕುಗ್ಗಿದರೂ ಹಿಗ್ಗಿದರೂ ಲೆಕ್ಕ ಸೊನ್ನೆಯ ಪಕ್ಕದಲ್ಲೇ ಇರುತ್ತದೆ. ಐಪಿಸಿಸಿ ಇದಕ್ಕೆ −0.15 ± 0.2 ಕೊಟ್ಟಿತ್ತು. 2024ರಲ್ಲಿ ಮೆಕ್ಕಿಮ್, ಬೋನಿ, ದ್ಯುಫ್ರೆನ್ ಮಾಡಿದ ಕೆಲಸದಲ್ಲಿ ಅದು +0.02 ± 0.07. ಉಳಿದ ಅನುಮಾನ ಈಗ ಹರವಿನಿಂದ ದಪ್ಪಕ್ಕೆ, ಅಂದರೆ ಹಾಳೆಯ ಬಿಳುಪು ಬದಲಾಗುತ್ತದೆಯೇ ಎಂಬುದಕ್ಕೆ ಸರಿದಿದೆ. ಹಿಮಕಣ ಎಷ್ಟು ದೊಡ್ಡದು, ಎಷ್ಟು ಬೇಗ ಬೀಳುತ್ತದೆ ಎಂಬಲ್ಲಿ ಹವಾಮಾನದ ಕಂಪ್ಯೂಟರ್ ಮಾದರಿಗಳು ಒಂದಕ್ಕೊಂದು ಒಪ್ಪುವುದಿಲ್ಲ.

ಉಪ್ಪುನೀರು:
"ವಜಾ" ಬಗ್ಗೆ ಒಂದು ಎಚ್ಚರಿಕೆ. ಅದು ಪಶ್ಚಿಮ ಪೆಸಿಫಿಕ್‌ನಂಥ ಕಡೆ ಚೆನ್ನಾಗಿ ಕೂರುತ್ತದೆ, ನಮ್ಮ ಮುಂಗಾರಿಗೆ ಕೂರುವುದಿಲ್ಲ. ರಾಜೀವನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ 2000ದಲ್ಲಿ ತೋರಿಸಿದಂತೆ, ಏಷ್ಯಾದ ಮುಂಗಾರು ಪ್ರದೇಶದಲ್ಲಿ ಮಳೆಗಾಲದ ಮೋಡಗಳ ನಿವ್ವಳ ಪರಿಣಾಮ ಸೊನ್ನೆಗಿಂತ ಬಹಳ ಕೆಳಗೆ, ಸ್ಪಷ್ಟವಾಗಿ ತಂಪಿನ ಕಡೆ ಇದೆ. ದಪ್ಪ, ಎತ್ತರದ ಮೋಡಗಳ ಪಾಲು ಅಲ್ಲಿ ಹೆಚ್ಚು ಎಂಬುದು ಅವರ ವಿವರಣೆ.

ಇನ್ನೊಂದು ತಪ್ಪು ಆಗಾಗ ಕಾಣುತ್ತದೆ. ಕಡಲ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದರೆ ಎತ್ತರದ ಮೋಡಗಳು ಕಟ್ಟುತ್ತವೆ ಎಂಬುದನ್ನು ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲಿ ಹಿಂದೂ ಮಹಾಸಾಗರಕ್ಕೆ ತೋರಿಸಿದರು. ಇದನ್ನು ಹಿಡಿದು "ಕಡಲು ಬಿಸಿಯಾದಂತೆ 28 ದಾಟುವ ಪ್ರದೇಶ ಹಿಗ್ಗುತ್ತದೆ, ಗುಡುಗು ಮೋಡದ ಪ್ರದೇಶವೂ ಹಿಗ್ಗುತ್ತದೆ" ಎಂದು ಲೆಕ್ಕ ಹಾಕುವವರಿದ್ದಾರೆ. ಹಾಗಾಗುವುದಿಲ್ಲ. ಕೆಳಗಿನ ಗಾಳಿ ಮೇಲಿನದಕ್ಕೆ ಹೋಲಿಸಿದರೆ ಎಷ್ಟು ಬಿಸಿ ಮತ್ತು ತೇವ ಎಂಬುದು ಮೋಡ ಕಟ್ಟುವುದನ್ನು ನಿರ್ಧರಿಸುತ್ತದೆ. ಮೇಲಿನದೂ ಬಿಸಿಯಾದಾಗ ಆ ಹೊಸ್ತಿಲೂ ಮೇಲಕ್ಕೆ ಹೋಗುತ್ತದೆ. ಜಾನ್ಸನ್ ಮತ್ತು ಶಿಯೆ 2010ರಲ್ಲಿ ಮಾಹಿತಿಯಿಂದಲೇ ಅದನ್ನು ತೋರಿಸಿದ್ದಾರೆ.

ಬಾನಾಡಿ:
ಎತ್ತರದ ಮೋಡ ಅರ್ಥವಾಯಿತು. ತಗ್ಗಿನ ಮೋಡದಲ್ಲಿ ನಿವ್ವಳ −120 ಎಂದಿರಿ, ಹಾಗಾದರೆ ಆಟ ಇರುವುದು ಅಲ್ಲೇ. ಬಿಸಿಯಾದರೆ ಅವು ಕಡಿಮೆಯಾಗುವುದಕ್ಕೆ ಕಾರಣ ಏನು?

ಉಪ್ಪುನೀರು:
ಮೊದಲು ಸ್ಥಳ. ಪೆರು, ಕ್ಯಾಲಿಫೋರ್ನಿಯಾ, ನಮೀಬಿಯಾ ತೀರಗಳ ಆಚೆಗೆ, ತಣ್ಣನೆಯ ಕಡಲ ಮೇಲೆ, ಸಾವಿರಾರು ಕಿಲೋಮೀಟರ್ ಹರಡಿದ ಸ್ಟ್ರಾಟೋಕ್ಯುಮುಲಸ್ ಹಾಸುಗಳು. ಮೇಲಿನಿಂದ ಇಳಿಯುವ ಒಣ ಬೆಚ್ಚಗಿನ ಗಾಳಿ ಕೆಳಗಿನ ತಣ್ಣನೆಯ ತೇವದ ಪದರದ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಇದಕ್ಕೆ ಇನ್ವರ್ಶನ್ ಎನ್ನುತ್ತಾರೆ. ಮೋಡದ ನೆತ್ತಿ ಶಾಖ ಸೂಸಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಕೆಳಗಿಳಿದು ಕಲಕುತ್ತದೆ, ಆ ಕಲಕುವಿಕೆ ಕಡಲಿನಿಂದ ಆವಿಯನ್ನು ಮೇಲಕ್ಕೆ ತರುತ್ತದೆ. ಮೋಡವನ್ನು ಉಳಿಸುವ ಯಂತ್ರ ಮೋಡದ ನೆತ್ತಿಯಲ್ಲೇ ಇದೆ. ಈ ಸಂಗತಿ ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಕೆಡುವ ದಾರಿಗಳು ಒಂದಕ್ಕಿಂತ ಹೆಚ್ಚು. ಕಡಲು ಬಿಸಿಯಾದರೆ ಮೋಡದ ಪದರಕ್ಕೂ ಮೇಲಿನ ಗಾಳಿಗೂ ನಡುವೆ ಆವಿಯ ಅಂತರ ಬೆಳೆಯುತ್ತದೆ. ಮೇಲಿನ ಒಣ ಗಾಳಿ ಪ್ರತಿ ಸಲ ಒಳಗೆ ಬೆರೆತಾಗಲೂ ಮೊದಲಿಗಿಂತ ಹೆಚ್ಚು ಒಣಗಿಸುತ್ತದೆ. ಇದು ಬಲವಾದದ್ದು, ಇಡೀ ಉಷ್ಣವಲಯದಲ್ಲಿ ತಗ್ಗಿನ ಮೋಡ ತೆಳುವಾಗುವುದಕ್ಕೆ ಮುಖ್ಯ ಕಾರಣ. ಎರಡನೆಯದು, ಮೇಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತು ಆವಿ ಹೆಚ್ಚಿದರೆ ಅವು ಕೆಳಮುಖವಾಗಿ ಹೆಚ್ಚು ಶಾಖ ಸೂಸುತ್ತವೆ. ಮೋಡದ ನೆತ್ತಿ ಮೊದಲಿನಷ್ಟು ತಣ್ಣಗಾಗುವುದಿಲ್ಲ, ಯಂತ್ರದ ಬಲ ಕುಗ್ಗುತ್ತದೆ. ಕಡಲು ಒಂದು ಚೂರೂ ಬಿಸಿಯಾಗದಿದ್ದರೂ ಇದು ಶುರುವಾಗುತ್ತದೆ.

ಎದುರು ಕೆಲಸ ಮಾಡುವುದು ಒಂದಿದೆ: ಇನ್ವರ್ಶನ್ ಬಲವಾದರೆ ಮೋಡ ಹೆಚ್ಚುತ್ತದೆ. ಕ್ಲೈನ್ ಮತ್ತು ಹಾರ್ಟ್‌ಮನ್ 1993ರಲ್ಲಿ ಕೊಟ್ಟ ನಂಟು ಇನ್ನೂ ಬಳಕೆಯಲ್ಲಿದೆ. 700 ಹೆಕ್ಟೋಪಾಸ್ಕಲ್ ಮಟ್ಟದ (ಸುಮಾರು 3 ಕಿ.ಮೀ. ಎತ್ತರ) ಮತ್ತು ಮೇಲ್ಮೈಯ ವಿಭವ ಉಷ್ಣತೆಗಳ (ಒಂದೇ ಒತ್ತಡಕ್ಕೆ ತಂದು ಹೋಲಿಸುವ ಉಷ್ಣತೆ) ಅಂತರ 1 ಡಿಗ್ರಿ ಹೆಚ್ಚಿದರೆ ಮೋಡದ ಹರವು ಸುಮಾರು 6 ಶೇಕಡಾಂಶ ಹೆಚ್ಚು. ಆದರೆ ಇದನ್ನು ಋತುವಿನಿಂದ ಋತುವಿಗೆ, ಸ್ಥಳದಿಂದ ಸ್ಥಳಕ್ಕೆ ಬಳಸಬಹುದು. ಬಿಸಿಯಾದ ಭವಿಷ್ಯಕ್ಕೆ ನೇರ ಎಳೆದರೆ ತಪ್ಪಾಗುತ್ತದೆ. ಕಡಲೆಲ್ಲ ಸಮನಾಗಿ ಬಿಸಿಯಾದಾಗಲೂ ಈ ಅಂತರ ಬೆಳೆಯುತ್ತದೆ, ಅಷ್ಟರಿಂದ ಮುಚ್ಚಳ ನಿಜವಾಗಿ ಬಲವಾಗಿರಬೇಕಿಲ್ಲ. ಅದಕ್ಕೇ ವುಡ್ ಮತ್ತು ಬ್ರೆದರ್ಟನ್ 2006ರಲ್ಲಿ ತೇವದ ಗಾಳಿಯ ಸಹಜ ಇಳಿಕೆಯನ್ನು ಕಳೆದು ಬೇರೆ ಸೂಚ್ಯಂಕ ಮಾಡಿದರು. ಕೂಡಿ ಕಳೆದರೆ ಉಪೋಷ್ಣ ಕಡಲುಗಳ ತಗ್ಗಿನ ಮೋಡಕ್ಕೆ ಐಪಿಸಿಸಿ ಕೊಟ್ಟದ್ದು +0.20 ± 0.16.

ಸಂಶಯಿ:
ಗಾಳಿಯ ಕಾರ್ಬನ್ ಡೈಆಕ್ಸೈಡ್ 1,200 ಪಿಪಿಎಂ (ಹತ್ತು ಲಕ್ಷದಲ್ಲಿ 1,200 ಪಾಲು) ದಾಟಿದರೆ ಈ ಹಾಸು ಒಡೆದು 8 ಡಿಗ್ರಿ ಏರುತ್ತದೆ ಎಂಬ ಸುದ್ದಿ ಬಂದಿತ್ತಲ್ಲ, ಅದರ ಕಥೆ ಏನು?

ಉಪ್ಪುನೀರು:
ಷ್ನೈಡರ್, ಕೌಲ್, ಪ್ರೆಸ್ಸೆಲ್, 2019. ಮೇಲೆ ಹೇಳಿದ ಎರಡನೇ ದಾರಿಯನ್ನೇ ಕೊನೆಯವರೆಗೆ ತಳ್ಳಿದರೆ ಏನಾಗುತ್ತದೆ ಎಂಬ ಪ್ರಯೋಗ. ಚಿಕ್ಕ ಪ್ರದೇಶವೊಂದರ ಮೋಡವನ್ನು ಸೂಕ್ಷ್ಮವಾಗಿ ಲೆಕ್ಕ ಹಾಕಿ, ಉಳಿದ ಜಗತ್ತನ್ನು ಸರಳ ಸೂತ್ರದಲ್ಲಿ ಜೋಡಿಸಿದ್ದಾರೆ. ಒಡೆಯುವ ಕ್ರಿಯೆ ಭೌತಿಕವಾಗಿ ಸರಿ. ಆ 1,200 ಎಂಬ ಹೊಸ್ತಿಲನ್ನು ನಿಖರ ಸಂಖ್ಯೆ ಎಂದು ಹಿಡಿಯುವುದು ಸರಿಯಲ್ಲ. ಈಗಿನ ಮಟ್ಟ 420ರ ಮೇಲಿದೆ, ಈ ಚರ್ಚೆಗೆ ಅದು ದೂರದ ಮಾತು.

ಕಪ್ಪುಮುಗಿಲು:
ಸ್ಟ್ರಾಟೋಕ್ಯುಮುಲಸ್ ಜೊತೆಗೆ ವಾಣಿಜ್ಯ ಮಾರುತದ ಕ್ಯುಮುಲಸ್‌ಗಳನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಇವು ಚದುರಿದ ಚಿಕ್ಕ ಮೋಡಗಳು, ಒಂದೊಂದೂ ಲೆಕ್ಕಕ್ಕಿಲ್ಲ. ಆದರೆ ಉಷ್ಣವಲಯದ ಕಡಲಿನಲ್ಲಿ ಇವು ಆವರಿಸುವ ವಿಸ್ತಾರ ದೊಡ್ಡದು.

ಕೆಲವು ಮಾದರಿಗಳಲ್ಲಿ ಹೀಗಿತ್ತು: ಬಿಸಿಯಾದರೆ ಗಾಳಿಯ ಲಂಬ ಬೆರಕೆ ಜೋರಾಗುತ್ತದೆ, ಬೆರಕೆ ಮೋಡದ ಬುಡವನ್ನು ಒಣಗಿಸುತ್ತದೆ, ಮೋಡ ಮಾಯವಾಗುತ್ತದೆ, ಭೂಮಿ ತೀರಾ ಹೆಚ್ಚು ಬಿಸಿಯಾಗುತ್ತದೆ. ಹೆಚ್ಚು ಸಂವೇದನೆ (ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ಏರುವ ಡಿಗ್ರಿ) ತೋರಿಸುವ ಮಾದರಿಗಳ ಹಿಂದೆ ಈ ಸರಪಳಿಯ ಪಾಲು ದೊಡ್ಡದು. ಇದು ನಿಜವೇ ಎಂದು ನೋಡಲು 2020ರ ಜನವರಿ–ಫೆಬ್ರವರಿಯಲ್ಲಿ ಬಾರ್ಬಡೋಸ್ ದ್ವೀಪದ ಪೂರ್ವಕ್ಕೆ ಯುರೇಕಾ ಎಂಬ ಅಭಿಯಾನ ನಡೆಯಿತು. ನಾಲ್ಕು ವಿಮಾನ, ನಾಲ್ಕು ಸಂಶೋಧನಾ ಹಡಗು.

ಅಳತೆಯ ಉಪಾಯ ನೋಡಿ. ಲಂಬ ಗಾಳಿ ಸೆಕೆಂಡಿಗೆ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಸೆಂಟಿಮೀಟರ್. ಯಾವ ಉಪಕರಣವೂ ನೇರ ಅಳೆಯಲಾರದು. ಹಾಲೋ ಎಂಬ ಜರ್ಮನ್ ವಿಮಾನ ಸುಮಾರು 10 ಕಿ.ಮೀ. ಎತ್ತರದಲ್ಲಿ, 200 ಕಿ.ಮೀ.ಗೂ ಮೀರಿದ ವ್ಯಾಸದ ವೃತ್ತದಲ್ಲಿ ಸುತ್ತುತ್ತಾ, ಒಂದು ಸುತ್ತಿಗೆ ಹನ್ನೆರಡರಂತೆ ಡ್ರಾಪ್‌ಸೋಂಡ್‌ಗಳನ್ನು ಬಿಡುತ್ತಿತ್ತು. ಇವು ಪ್ಯಾರಾಶೂಟಿನಲ್ಲಿ ಇಳಿಯುತ್ತಾ ಗಾಳಿ, ಉಷ್ಣತೆ, ತೇವ ಕಳಿಸುವ ಕೊಳವೆಗಳು. ವೃತ್ತದ ಅಂಚಿನಲ್ಲಿ ಗಾಳಿ ಒಳಗೆ ಬರುವುದು ಹೆಚ್ಚೋ ಹೊರಗೆ ಹೋಗುವುದು ಹೆಚ್ಚೋ ಎಂದು ಕೂಡಿದರೆ, ಒಳಗೆ ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಾನಾಗಿ ಸಿಗುತ್ತದೆ. ಅದೇ ಹೊತ್ತಿಗೆ ಫ್ರಾನ್ಸಿನ ಎಟಿಆರ್-42 ವಿಮಾನ ಮೋಡದ ಬುಡದ ಎತ್ತರದಲ್ಲೇ ಹಾರುತ್ತಾ, ಪಕ್ಕಕ್ಕೆ ತಿರುಗಿಸಿದ ಲೈಡಾರ್ (ಲೇಸರ್ ಬೆಳಕಿನಿಂದ ಅಳೆಯುವ ಉಪಕರಣ) ಮತ್ತು ರಾಡಾರ್‌ನಿಂದ ಬುಡದ ಹರವು ಅಳೆಯುತ್ತಿತ್ತು.

ಫಲಿತಾಂಶ ಫೋಗೆಲ್ ಮತ್ತು ಸಂಗಡಿಗರಿಂದ 2022ರಲ್ಲಿ ಬಂತು: ಬೆರಕೆ ಜೋರಾದಾಗ ಬುಡದ ಮೋಡ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೆರಕೆ ಒಣಗಿಸುವುದರ ಜೊತೆಗೆ ಕೆಳಗಿನಿಂದ ತೇವವನ್ನೂ ತರುತ್ತದೆ, ಆ ಪಾಲೇ ಗೆಲ್ಲುತ್ತದೆ. ಹಾಗಾಗಿ ಈ ಮೋಡಗಳ ಫೀಡ್‌ಬ್ಯಾಕ್ ದುರ್ಬಲ, ಅತಿ ಹೆಚ್ಚು ಬಿಸಿ ತೋರಿಸುವ ಮಾದರಿಗಳು ಇಲ್ಲಿ ತಪ್ಪುತ್ತಿವೆ. ಒಂದು ತಿಂಗಳ, ಒಂದೇ ಜಾಗದ ಅಳತೆ ಎಂಬುದು ನೆನಪಿರಲಿ. ಆದರೂ ಪ್ರಶ್ನೆ ಕೇಳಿ ಉಪಕರಣ ಜೋಡಿಸಿದ ರೀತಿಗೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಈ ವಿಷಯದಲ್ಲಿ ಬೇರೆ ಇಲ್ಲ ಅನ್ನುತ್ತೇನೆ.

(ಈ ಮೋಡಗಳು ಕೂಡುವ ವಿನ್ಯಾಸಗಳಿಗೆ ವಿಜ್ಞಾನಿಗಳು ಸಕ್ಕರೆ, ಜಲ್ಲಿ, ಮೀನು, ಹೂ ಎಂದು ಹೆಸರಿಟ್ಟಿದ್ದಾರೆ. ತಮಾಷೆ ಅನ್ನಿಸಿದರೂ ವಿನ್ಯಾಸ ಬದಲಾದರೆ ಪ್ರತಿಫಲನವೂ ಬದಲಾಗುತ್ತದೆ.)

ನೆತ್ತಿಬಿಸಿಲು:
ಒಂದು ಮುಖ್ಯ ಸಂಗತಿ ಇನ್ನೂ ಬಂದಿಲ್ಲ: ಎಷ್ಟು ಬಿಸಿಯಾಯಿತು ಎನ್ನುವಷ್ಟೇ ಎಲ್ಲಿ ಬಿಸಿಯಾಯಿತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಪಶ್ಚಿಮ ಪೆಸಿಫಿಕ್ ಬಿಸಿಯಾದರೆ ಅಲ್ಲಿನ ಗುಡುಗು ಮೋಡಗಳು ಆ ಬಿಸಿಯನ್ನು ಮೇಲಕ್ಕೆ ಒಯ್ದು ಇಡೀ ಉಷ್ಣವಲಯದ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತವೆ. ಆಗ ಪೆರು ತೀರದಾಚೆ ಕೆಳಗೆ ತಣ್ಣನೆಯ ಕಡಲು, ಮೇಲೆ ಬಿಸಿ ಗಾಳಿ. ಇನ್ವರ್ಶನ್ ಬಲವಾಗಿ ತಗ್ಗಿನ ಮೋಡ ಹೆಚ್ಚುತ್ತದೆ, ಭೂಮಿ ತಂಪಾಗುತ್ತದೆ. ಪೂರ್ವ ಪೆಸಿಫಿಕ್ ಬಿಸಿಯಾದರೆ ಪೂರ್ತಿ ಉಲ್ಟಾ. 1980ರಿಂದೀಚೆಗಿನ ದಶಕಗಳಲ್ಲಿ ಪಶ್ಚಿಮ ಚೆನ್ನಾಗಿ ಬಿಸಿಯಾಯಿತು, ಪೂರ್ವದಲ್ಲಿ ದೊಡ್ಡ ಭಾಗ ಬಿಸಿಯಾಗಲಿಲ್ಲ. ಹಾಗಾಗಿ ಆ ಕಾಲದ ಅಳತೆಯನ್ನೇ ಹಿಡಿದು ಭೂಮಿಯ ಸಂವೇದನೆ ಲೆಕ್ಕ ಹಾಕಿದರೆ ಕಡಿಮೆ ಬರುತ್ತದೆ. "ಅಳತೆ ನೋಡಿದರೆ 2 ಡಿಗ್ರಿಗಿಂತ ಕಡಿಮೆ" ಎಂಬ ವಾದಗಳಲ್ಲಿ ಹಲವು ಜಾರುವುದು ಇಲ್ಲೇ. ಪೂರ್ವ ಪೆಸಿಫಿಕ್ ಮುಂದೆ ಎಷ್ಟು ಬೇಗ ಬಿಸಿಯಾಗುತ್ತದೆ ಎಂಬುದು ಈಗಿನ ದೊಡ್ಡ ಪ್ರಶ್ನೆ.

2023ರ ಬಗ್ಗೆಯೂ ಒಂದು ಮಾತು. ಆ ವರ್ಷ ಭೂಮಿಯ ಒಟ್ಟು ಪ್ರತಿಫಲನ ದಾಖಲೆಯಷ್ಟು ತಗ್ಗಿತ್ತು, ಉತ್ತರದ ಮಧ್ಯ ಅಕ್ಷಾಂಶ ಮತ್ತು ಉಷ್ಣವಲಯದಲ್ಲಿ ತಗ್ಗಿನ ಮೋಡ ಕಡಿಮೆಯಾದದ್ದು ಮುಖ್ಯ ಕಾರಣ ಎಂದು ಗೋಸ್ಲಿಂಗ್ ಮತ್ತು ಸಂಗಡಿಗರು 2024ರಲ್ಲಿ ಬರೆದರು. ಸರಾಸರಿ ಬಿಸಿಲು 340 ವ್ಯಾಟ್, ಅದರಲ್ಲಿ ಪ್ರತಿಫಲನ ಒಂದೇ ಶೇಕಡಾಂಶ ತಗ್ಗಿದರೂ 3.4 ವ್ಯಾಟ್. ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದದ್ದಕ್ಕೆ ಹತ್ತಿರ. ಮೋಡದ ಕಾಲು ಶೇಕಡಾಂಶಕ್ಕೂ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಇದರಲ್ಲಿ ಎಷ್ಟು ಫೀಡ್‌ಬ್ಯಾಕ್, ಎಷ್ಟು 2020ರಲ್ಲಿ ಹಡಗಿನ ಇಂಧನದ ಗಂಧಕ ಮಿತಿ 3.5%ರಿಂದ 0.5%ಗೆ ಇಳಿದದ್ದರ ಫಲ, ಎಷ್ಟು ಸಹಜ ಏರಿಳಿತ ಎಂಬುದು ಇನ್ನೂ ಬಗೆಹರಿದಿಲ್ಲ. ಯಾವುದಾದರೂ ಒಂದರ ತಲೆಗೇ ಕಟ್ಟುವ ಲೇಖನ ಕಂಡರೆ ಹುಷಾರು.

ಬಾನಾಡಿ:
ಭೂಮಿಯಿಂದ ಹೊರಹೋಗುವ ಬಿಸಿಲು ಮತ್ತು ಶಾಖ ಅಳೆಯುವ ನಾಸಾ ಉಪಗ್ರಹ ಉಪಕರಣ ಸೆರೀಸ್‌ನ ಮಾಹಿತಿ ಎಲ್ಲರಿಗೂ ಮುಕ್ತ. ಅದರಿಂದ ಉಷ್ಣವಲಯದ ಮೋಡದ ಫೀಡ್‌ಬ್ಯಾಕ್ ಲೆಕ್ಕ ಹಾಕಬಹುದೇ? ಕ್ರಮ ಹೇಳಿದರೆ ವಿದ್ಯಾರ್ಥಿಗಳಿಗೆ ಅನುಕೂಲ.

ಲೆಕ್ಕಿಗ:
ಹಾಕಬಹುದು. ಎಡವುವ ಜಾಗಗಳನ್ನೂ ಜೊತೆಯಲ್ಲೇ ಹೇಳುತ್ತೇನೆ.

ಸೆರೀಸ್‌ನ ಇಬಿಎಎಫ್ ಮಾಸಿಕ ಕಡತ ಇಳಿಸಿಕೊಳ್ಳಿ. 2000ದ ಮಾರ್ಚ್‌ನಿಂದ ಇದೆ, 1 ಡಿಗ್ರಿ ಚೌಕಗಳಲ್ಲಿ. ವಾಯುಮಂಡಲದ ನೆತ್ತಿಯ ಬಿಸಿಲು ಮತ್ತು ಶಾಖ ಎರಡಕ್ಕೂ, ಮೋಡವಿಲ್ಲದ ಆಕಾಶದ ಹೊರಹರಿವಿನಿಂದ ಒಟ್ಟು ಆಕಾಶದ ಹೊರಹರಿವನ್ನು ಕಳೆಯಿರಿ. ಹೀಗೆ ಕಳೆದರೆ ಧನ ಎಂದರೆ ಬಿಸಿ. ಉಲ್ಟಾ ಕಳೆದು ಚಿಹ್ನೆ ತಪ್ಪಿಸಿಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಜಾಗತಿಕ ಸರಾಸರಿ −19ರ ಹತ್ತಿರ ಬಂತೇ ಎಂದು ಮೊದಲು ನೋಡಿಕೊಳ್ಳಿ. ಮೋಡವಿಲ್ಲದ ಆಕಾಶಕ್ಕೆ ಕಡತದಲ್ಲಿ ಎರಡು ಬಗೆ ಇವೆ: ನಿಜವಾಗಿ ಮೋಡವಿಲ್ಲದ ತುಣುಕುಗಳದ್ದು ಒಂದು, ಇಡೀ ಚೌಕದಿಂದ ಮೋಡ ತೆಗೆದರೆ ಎಂಬ ಲೆಕ್ಕದ್ದು ಇನ್ನೊಂದು. ಮಾದರಿಗಳ ಜೊತೆ ಹೋಲಿಸುವುದಾದರೆ ಎರಡನೆಯದನ್ನೇ ತೆಗೆದುಕೊಳ್ಳಿ. ಮೋಡವಿಲ್ಲದ ತುಣುಕುಗಳು ಸಹಜವಾಗಿ ಒಣಗಿರುತ್ತವೆ, ಮೊದಲನೆಯದರಲ್ಲಿ ಆ ಓರೆ ಉಳಿಯುತ್ತದೆ.

ನಂತರ ಪ್ರತಿ ತಿಂಗಳ ಸರಾಸರಿ ಕಳೆದು ವ್ಯತ್ಯಾಸಗಳನ್ನು ಉಳಿಸಿಕೊಳ್ಳಿ. ಚೌಕಗಳನ್ನು ಕೂಡುವಾಗ ಅಕ್ಷಾಂಶದ ಕೊಸೈನ್‌ನಿಂದ ತೂಗಿ. 30 ಉತ್ತರದಿಂದ 30 ದಕ್ಷಿಣದವರೆಗಿನ ಪಟ್ಟಿ ಭೂಮಿಯ ಮೇಲ್ಮೈಯ ಸರಿಯಾಗಿ ಅರ್ಧ. ಹಾಗಾಗಿ ಜಾಗತಿಕ ಸಂಖ್ಯೆಗೆ ಉಷ್ಣವಲಯದ ಕೊಡುಗೆ ಬೇಕಾದರೆ ಪಟ್ಟಿಯ ಸರಾಸರಿಯನ್ನು 0.5ರಿಂದ ಗುಣಿಸಿ. ಇದನ್ನು ಮರೆತು ಐಪಿಸಿಸಿ ಸಂಖ್ಯೆಗಿಂತ ಎರಡು ಪಟ್ಟು ಬಂತು ಎಂದು ಬರೆದವರಿದ್ದಾರೆ. ಉಷ್ಣತೆಯ ಕಡೆ ಜಾಗತಿಕ ಸರಾಸರಿಯ ವ್ಯತ್ಯಾಸ ಇಟ್ಟು ಇಳಿಜಾರು ತೆಗೆಯಿರಿ. ಭಾಜಕದಲ್ಲಿ ಉಷ್ಣವಲಯದ ಉಷ್ಣತೆ ಇಟ್ಟರೆ ಅದು ಬೇರೆಯೇ ಸಂಖ್ಯೆ.

ಬಂದ ಇಳಿಜಾರನ್ನು ನೇರವಾಗಿ "ಮೋಡದ ಫೀಡ್‌ಬ್ಯಾಕ್" ಎನ್ನುವಂತಿಲ್ಲ. ಮೋಡ ಒಂದಿಷ್ಟೂ ಬದಲಾಗದೆ ಆವಿ ಮಾತ್ರ ಹೆಚ್ಚಿದರೂ, ಮೋಡವಿಲ್ಲದ ಆಕಾಶದ ಹೊರಹರಿವಿನಲ್ಲಿ ಅದರ ಪರಿಣಾಮ ಹೆಚ್ಚು, ಮೋಡದಡಿಯಲ್ಲಿ ಕಡಿಮೆ. ವ್ಯತ್ಯಾಸ ಕುಗ್ಗಿ, ಮೋಡವೇ ತಂಪಿನ ಕಡೆ ಸರಿದಂತೆ ಕಾಣುತ್ತದೆ. ವಿಕಿರಣ ಕರ್ನೆಲ್‌ಗಳನ್ನು (ಆವಿ, ಉಷ್ಣತೆ ಒಂದಿಷ್ಟು ಬದಲಾದರೆ ಹೊರಹರಿವು ಎಷ್ಟು ಬದಲಾಗುತ್ತದೆ ಎಂಬ ಪಟ್ಟಿಗಳು) ಬಳಸಿ ಈ ಮರೆಮಾಚುವಿಕೆಯನ್ನು ತೆಗೆಯಬೇಕು. ಸೋಡೆನ್ ಮತ್ತು ಸಂಗಡಿಗರು 2008ರಲ್ಲಿ ವಿಧಾನ ಕೊಟ್ಟಿದ್ದಾರೆ, ಕರ್ನೆಲ್ ಕಡತಗಳೂ ಮುಕ್ತವಾಗಿವೆ.

ಇಷ್ಟು ಮಾಡಿದ ಮೇಲೂ ಆ ಇಳಿಜಾರಿನ ಬಹುಪಾಲು ಎಲ್ ನಿನೊ–ಲಾ ನಿನಾ ಆಟದ್ದು. ಮೇಲೆ ನೆತ್ತಿಬಿಸಿಲು ಬರೆದ ಪೂರ್ವ–ಪಶ್ಚಿಮ ವಿನ್ಯಾಸ ಎಲ್ ನಿನೊದಲ್ಲಿ ಒಂದು ರೀತಿ, ದೀರ್ಘಕಾಲದ ತಾಪ ಏರಿಕೆಯಲ್ಲಿ ಇನ್ನೊಂದು ರೀತಿ. ತಿಂಗಳಿಂದ ತಿಂಗಳಿಗೆ ಮೌಲ್ಯಗಳು ಸ್ವತಂತ್ರವೂ ಅಲ್ಲ, ಹಾಗಾಗಿ ಸಾಮಾನ್ಯ ಸೂತ್ರ ಕೊಡುವ ದೋಷದ ವ್ಯಾಪ್ತಿ ತೀರಾ ಕಿರಿದಾಗಿ ಬರುತ್ತದೆ. ಸ್ವಸಹಸಂಬಂಧಕ್ಕೆ ತಕ್ಕಂತೆ ಮಾಹಿತಿಯ ಸಂಖ್ಯೆ ತಗ್ಗಿಸಿ ಲೆಕ್ಕ ಹಾಕಿ. ಇನ್ನೊಂದು: 2022ರ ಏಪ್ರಿಲ್‌ನಿಂದ ಕಡತದ ಮೂಲ ಟೆರ್ರಾ–ಆಕ್ವಾ ಉಪಗ್ರಹಗಳಿಂದ ನೋಆ-20ಕ್ಕೆ ಬದಲಾಗಿದೆ. ಆ ತಿಂಗಳಲ್ಲಿ ಮೆಟ್ಟಿಲು ಕಂಡರೆ ಮೋಡದ ತಲೆಗೆ ಕಟ್ಟುವ ಮೊದಲು ಆವೃತ್ತಿಯ ಟಿಪ್ಪಣಿ ಓದಿ.

ಸಂಶಯಿ:
ಇನ್ಸಾಟ್ ಚಿತ್ರಗಳಿಂದ ಇದನ್ನೆಲ್ಲ ನೋಡಲಾಗುವುದಿಲ್ಲವೇ? ಅರ್ಧ ಗಂಟೆಗೊಮ್ಮೆ ಬರುತ್ತವೆ, ನಮ್ಮ ಕಡಲ ಮೇಲೇ ಇವೆ.

ತೆಂಕಣಗಾಳಿ:
ಮೋಡದ ಬಗೆ ಗುರುತಿಸಲು ಚೆನ್ನ, ಫೀಡ್‌ಬ್ಯಾಕ್‌ಗೆ ಸಾಲದು. 10.8 ಮೈಕ್ರಾನ್ ಇನ್‌ಫ್ರಾರೆಡ್ ಚಿತ್ರದಲ್ಲಿ ಬಿಳಿ ಎಂದರೆ ತಣ್ಣನೆಯ ನೆತ್ತಿ. ತಗ್ಗಿನ ಮೋಡದ ಉಷ್ಣತೆ ಕಡಲಿಗೆ ಹತ್ತಿರ ಇರುವುದರಿಂದ ಬೂದು ಬಣ್ಣದಲ್ಲಿ ಕರಗಿಹೋಗುತ್ತದೆ. ಹಗಲಲ್ಲಿ ಗೋಚರ ಬೆಳಕಿನ ಚಿತ್ರ ಪಕ್ಕದಲ್ಲಿಟ್ಟು ನೋಡಿ, ರಾತ್ರಿ 3.9 ಮತ್ತು 10.8 ಮೈಕ್ರಾನ್ ಉಷ್ಣತೆಗಳ ವ್ಯತ್ಯಾಸ ನೋಡಿ. ತೆಳು ಸಿರಸ್ ಇನ್ನೊಂದು ಮೋಸ: ಕೆಳಗಿನ ಬಿಸಿ ಕಡಲಿನ ಶಾಖವೂ ಅದರ ಮೂಲಕ ಸೋರಿ ಬರುವುದರಿಂದ ಅದು ನಿಜಕ್ಕಿಂತ ಕೆಳಗಿರುವ ಮಧ್ಯಮ ಮೋಡದಂತೆ ಕಾಣುತ್ತದೆ. 10.8ರಿಂದ 12 ಮೈಕ್ರಾನ್ ಕಳೆದಾಗ ವ್ಯತ್ಯಾಸ ದೊಡ್ಡದಾಗಿ ಬಂದರೆ ಅದು ತೆಳು ಸಿರಸ್. ಆದರೆ ಒಟ್ಟು ಶಾಖ ಮತ್ತು ಬಿಸಿಲಿನ ಆಯವ್ಯಯಕ್ಕೆ ಬೇಕಾದ ನಿಖರ ಅಳತೆ ಈ ಕ್ಯಾಮೆರಾಗಳ ಕೆಲಸವಲ್ಲ.

ಆ ಕೆಲಸಕ್ಕೆಂದೇ ಇಸ್ರೋ ಮತ್ತು ಫ್ರಾನ್ಸಿನ ಸಿಎನ್‌ಇಎಸ್ ಸೇರಿ 2011ರ ಅಕ್ಟೋಬರ್ 12ರಂದು ಮೇಘಾ-ಟ್ರಾಪಿಕ್ಸ್ ಹಾರಿಸಿದವು. ಕಕ್ಷೆಯ ಓರೆ 20 ಡಿಗ್ರಿ, ಎತ್ತರ 867 ಕಿ.ಮೀ. ಟೆರ್ರಾ ಬೆಳಿಗ್ಗೆ 10.30ರ, ಆಕ್ವಾ ಮಧ್ಯಾಹ್ನ 1.30ರ ಆಸುಪಾಸಿನಲ್ಲೇ ಆಗ ಹಾದುಹೋಗುತ್ತಿದ್ದರೆ, ಇದು ಒಂದೇ ಜಾಗವನ್ನು ದಿನದಲ್ಲಿ ಹಲವು ಸಲ, ದಿನದಿಂದ ದಿನಕ್ಕೆ ಬೇರೆ ಗಂಟೆಗಳಲ್ಲಿ ನೋಡುತ್ತಿತ್ತು. ನೆಲದ ಮೇಲೆ ಸಂಜೆ, ಕಡಲ ಮೇಲೆ ನಸುಕಿನಲ್ಲಿ ಹೆಚ್ಚು ಕಟ್ಟುವ ಉಷ್ಣವಲಯದ ಮೋಡಕ್ಕೆ ಇದು ಬೇಕೇ ಬೇಕು. ಮಳೆ ಅಳೆಯುವ ಮದ್ರಾಸ್ ಉಪಕರಣ 2013ರ ಜನವರಿಯಲ್ಲಿ ಕೈಕೊಟ್ಟಿತು. ತೇವ ಅಳೆಯುವ ಸಫೀರ್, ವಿಕಿರಣ ಅಳೆಯುವ ಸ್ಕಾರಾಬ್ ಅದಾದ ಮೇಲೂ ಮಾಹಿತಿ ಕೊಟ್ಟವು. 2023ರ ಮಾರ್ಚ್ 7ರಂದು ಉಳಿದ ಇಂಧನ ಬಳಸಿ ಅದನ್ನು ಪೆಸಿಫಿಕ್ ಮೇಲೆ ನಿಯಂತ್ರಿತವಾಗಿ ಇಳಿಸಿದರು.

ಮೋಡವನ್ನು ಮೇಲಿನಿಂದ ಕೆಳಕ್ಕೆ ಸೀಳಿ ನೋಡಲು 2006ರಲ್ಲಿ ಹಾರಿದ ಕ್ಲೌಡ್‌ಸ್ಯಾಟ್ ರಾಡಾರ್ ಮತ್ತು ಕ್ಯಾಲಿಪ್ಸೊ ಲೈಡಾರ್ ಮಾಹಿತಿ ಬಳಸಿ. ಈಗ ಆ ಸಾಲನ್ನು ಮುಂದುವರಿಸುತ್ತಿರುವುದು 2024ರ ಮೇನಲ್ಲಿ ಹಾರಿದ ಯುರೋಪ್–ಜಪಾನ್ ಜಂಟಿ ಉಪಗ್ರಹ ಅರ್ಥ್‌ಕೇರ್. ಅದರ ರಾಡಾರ್‌ಗೆ ಡಾಪ್ಲರ್ ಇದೆ, ಅಂದರೆ ಹಿಮಕಣ ಬೀಳುವ ವೇಗ ಸಿಗುತ್ತದೆ. ಕಪ್ಪುಮುಗಿಲು ಮೇಲೆ ಹೇಳಿದ ಹಾಳೆಯ ದಪ್ಪದ ಜಗಳಕ್ಕೆ ಬೇಕಾಗಿದ್ದ ಅಳತೆ ಅದೇ. ಲೈಡಾರ್ ಬಳಸುವಾಗ ಮಾತ್ರ ನೆನಪಿಡಿ: ದಪ್ಪ ಮೋಡದೊಳಗೆ ಆಪ್ಟಿಕಲ್ ಆಳ (ಮೋಡ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 3 ದಾಟುವಷ್ಟರಲ್ಲಿ ಅದರ ಬೆಳಕು ಸತ್ತುಹೋಗುತ್ತದೆ. ಅದರ ಕೆಳಗೆ ಕಡತದಲ್ಲಿ "ಮೋಡ ಇಲ್ಲ" ಎಂದು ಓದಿಕೊಳ್ಳಬೇಡಿ, ಸಂಕೇತ ನಂದಿದೆ ಎಂಬ ಗುರುತು ಇದೆಯೇ ನೋಡಿ.